ಮುರಿದದ್ದು ಪಿನ್ನು, ಬದಲಿಸುವುದು ಇಡೀ ಹೌಸಿಂಗೇ?

ಗಾಡಿಯ ಹಿಂಬದಿಯಲ್ಲಿ ಕಟಕಟ ಸದ್ದು ಶುರುವಾಯಿತೆಂದರೆ ದೆಹಲಿಯ ಕಿದ್ವಾಯಿ ನಗರದ ಸುತ್ತಮುತ್ತ ಸಿಗುವ ಸಲಹೆ ಒಂದೇ: ಡಿಫರೆನ್ಶಿಯಲ್ ಬಿಚ್ಚುವ ತಂಟೆಗೆ ಹೋಗಬೇಡಿ, ಮಾಯಾಪುರಿಯಿಂದ ಪೂರಾ ಹೌಸಿಂಗ್ ತರಿಸಿ ಕೂರಿಸಿಬಿಡಿ. ಬೆಂಗಳೂರಿನವರಿಗೆ ಶಿವಾಜಿನಗರದ ಗುಜರಿ ಹೇಗೋ ಇಲ್ಲಿಯವರಿಗೆ ಮಾಯಾಪುರಿ ಹಾಗೆ. ಹೀಗೆ ಹೇಳುವವರು ಅನುಭವಸ್ಥರು, ಅವರ ಮೇಲೆ ನನಗೆ ಗೌರವವಿದೆ. ಆದರೂ ಈ ಮಾತನ್ನು ನಾನು ಒಪ್ಪಲಾರೆ.

ಅವರ ಕಾರಣಗಳು ಸುಮ್ಮನೆ ತಳ್ಳಿಹಾಕುವಂಥವಲ್ಲ. ಹಳೆಯ ಸರ್ಕಾರಿ ಕ್ವಾರ್ಟರ್ಸ್ ಇದ್ದ ಕಾಲದಲ್ಲಿ ಮನೆಯ ಮುಂದೆಯೇ ಜಾಕ್ ಕೊಟ್ಟು ಗಾಡಿ ಬಿಚ್ಚಲು ಜಾಗವಿತ್ತು. ಸರ್ಕಾರಿ ನಿರ್ಮಾಣ ಸಂಸ್ಥೆ ಎನ್‌ಬಿಸಿಸಿ ಅವನ್ನೆಲ್ಲ ಕೆಡವಿ ಪೂರ್ವ ಕಿದ್ವಾಯಿ ನಗರದಲ್ಲಿ ಬಹುಮಹಡಿ ಕಟ್ಟಿದ ಮೇಲೆ ಆ ಜಾಗ ಹೋಯಿತು. ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲಿಗೆ 15 ವರ್ಷ ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಅದರಲ್ಲಿ ಏರುಪೇರಾಗಿದ್ದರೂ, ವಯಸ್ಸಾದ ಗಾಡಿಗೆ ಶ್ರಮ ಹಾಕುವುದೇಕೆ ಎಂಬ ಮನಸ್ಸು ಮಾತ್ರ ಉಳಿದುಕೊಂಡಿದೆ. ಇವೆರಡಕ್ಕಿಂತ ಗಟ್ಟಿಯಾದ ವಾದ ಇನ್ನೊಂದಿದೆ. ಪೂರಾ ಹೌಸಿಂಗ್ ತಂದರೆ ಕ್ರೌನ್ ಪಿನಿಯನ್ನಿನ ಕಾರ್ಖಾನೆಯ ಸೆಟ್ಟಿಂಗ್ ಹಾಗೇ ಬರುತ್ತದೆ, ಬಿಚ್ಚಿದರೆ ಅದು ಕೆಡುತ್ತದೆ ಎನ್ನುತ್ತಾರೆ.

ಈಕೋ, ಬೊಲೆರೊ, ಇನ್ನೋವಾ ಕ್ರಿಸ್ಟಾದಂಥ ಗಾಡಿಗಳಲ್ಲಿ ಎಂಜಿನ್ನಿನ ಬಲ ಪ್ರೊಪೆಲ್ಲರ್ ಶಾಫ್ಟಿನಿಂದ ಪಿನಿಯನ್ನಿಗೆ, ಅಲ್ಲಿಂದ ಕ್ರೌನಿಗೆ ಹೋಗುತ್ತದೆ. ತಿರುವಿನಲ್ಲಿ ಒಳಗಾಲಿ ನಿಧಾನವಾಗಿ, ಹೊರಗಾಲಿ ಜೋರಾಗಿ ತಿರುಗಬೇಕು. ಆ ಹೊಂದಾಣಿಕೆಗೆ ಕ್ರೌನಿನ ಪಕ್ಕದ ಕೇಜಿನೊಳಗೆ ಸ್ಪೈಡರ್ ಗೇರುಗಳಿವೆ. ಅವನ್ನು ಹೊತ್ತ ಅಡ್ಡ ಶಾಫ್ಟು ಜಾರದಂತೆ ಹಿಡಿಯುವುದು ಸಾಮಾನ್ಯವಾಗಿ ಕಿರುಬೆರಳಿಗಿಂತ ಸಣ್ಣದಾದ ಒಂದು ಲಾಕ್ ಪಿನ್ನು ಅಥವಾ ಬೋಲ್ಟು. ಅದು ಮುರಿದರೆ ಶಾಫ್ಟು ಹೊರಗೆ ಜಾರಿ ಬೇರೆಡೆ ಬಡಿಯತೊಡಗುತ್ತದೆ. ಎಷ್ಟೋ ಗಾಡಿಗಳಲ್ಲಿ ಈ ತುಂಡನ್ನು ತೆಗೆಯಲು ಬೇರಿಂಗ್ ಕ್ಯಾಪು ಮುಟ್ಟಬೇಕಾಗಿಯೇ ಇಲ್ಲ, ಅಂದಮೇಲೆ ಸೆಟ್ಟಿಂಗ್ ಕೆಡುವ ಮಾತೇ ಬರದು. ಕ್ಯಾಪು ಬಿಚ್ಚಲೇಬೇಕಾದಲ್ಲಿ ಎಡ ಬಲ ಗುರುತು ಹಾಕಿ, ಅಂತರ ಹೊಂದಿಸುವ ಶಿಮ್ಮುಗಳನ್ನು ಬೇರೆಬೇರೆಯಾಗಿ ಕಟ್ಟಿಟ್ಟರೆ ಇದ್ದ ಹಾಗೆ ಮರಳಿ ಕೂರಿಸಬಹುದು. ಕ್ಯಾಪುಗಳನ್ನು ಅದಲುಬದಲು ಮಾಡಿದವರೇ ಸೆಟ್ಟಿಂಗ್ ಕೆಡಿಸಿಕೊಳ್ಳುತ್ತಾರೆ.

ಈಗ ತುಂಡು ತೆಗೆಯುವ ಕೆಲಸಕ್ಕೆ ಬರೋಣ. ಜನ ಹೆದರುವುದು ಇಲ್ಲೇ, ಕೆಡಿಸುವುದೂ ಇಲ್ಲೇ. ಮೊದಲು ಕೇಳಬೇಕಾದದ್ದು, ಬೋಲ್ಟು ಯಾವಾಗ ಮುರಿಯಿತು ಎಂಬುದು. ಓಡುವಾಗ ತಾನೇ ತುಂಡಾಗಿದ್ದರೆ ಅದರ ಬಿಗಿ ಆಗಲೇ ಹೋಗಿರುತ್ತದೆ. ತಲೆ ಕಳಚಿಕೊಂಡ ಮೇಲೆ ಒಳಗೆ ಉಳಿದ ತುಂಡನ್ನು ಎಳೆದು ಹಿಡಿಯುವ ಬಲವೇ ಇಲ್ಲ. ಮೊನಚಾದ ಪಂಚನ್ನು ಅಂಚಿಗೆ ಕೊಟ್ಟು ಮೆಲ್ಲಗೆ ತಟ್ಟುತ್ತ ತಿರುಗಿಸಿದರೆ ಬಹಳ ಸಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚುವಾಗ ಮುರಿದ ಬೋಲ್ಟಿನ ಕತೆ ಬೇರೆ. ಅದು ಒಳಗೇ ಕಚ್ಚಿಕೊಂಡಿದೆ, ಅದಕ್ಕೆ ತುಕ್ಕೆಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು, ಎಡಸುತ್ತಿನ ಡ್ರಿಲ್ ಬಿಟ್ ಬಳಸಬೇಕು. ಎರಡನ್ನೂ ಒಂದೇ ಎಂದುಕೊಂಡು ಮೊದಲಿಗೇ ತುಂಡು ತಿರುಗಿಸಿ ತೆಗೆಯುವ ಈಜಿ ಔಟ್ ತುರುಕಿದರೆ, ಅದು ಒಳಗೇ ಮುರಿದೀತು. ಆ ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯದು.

ಕಚ್ಚಿದ್ದನ್ನು ಬಿಡಿಸಲು ಹಚ್ಚುವ ಗ್ಯಾಸ್ ಬೆಂಕಿಯ ಬಗೆಗೂ ನನ್ನ ತಕರಾರಿದೆ. ಗೇರು ಮತ್ತು ಬೇರಿಂಗುಗಳ ಗಡಸುತನ ಹದವಾದ ಶಾಖದಲ್ಲಿ ಕೂಡಿಸಿದ್ದು. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆ ಗಡಸು ಇಳಿಯತೊಡಗುತ್ತದೆ. ಆಕ್ಸಿ-ಅಸಿಟಿಲೀನ್ ಜ್ವಾಲೆಯ ಉರಿ 3000 ಡಿಗ್ರಿಯ ಮೇಲೆ! ಆಕ್ಸಲಿಗೆ ಕಚ್ಚಿದ ಬೇರಿಂಗ್ ಕಾಲರನ್ನು ಬೆಂಕಿಯಿಂದ ಕತ್ತರಿಸುವ ಬದಲು, ಶಾಫ್ಟು ಮುಟ್ಟದಷ್ಟು ಆಳಕ್ಕೆ ಡ್ರಿಲ್ ಕೊರೆದು ಉಳಿಯಿಂದ ಒಂದೇ ಏಟು ಕೊಟ್ಟರೆ ಬಿರಿದು ಬರುತ್ತದೆ. ಮುರಿದ ತುಂಡಿನ ಮೇಲೆ ನಟ್ ವೆಲ್ಡ್ ಮಾಡಿ ತಿರುಗಿಸುವುದು ಒಳ್ಳೆಯ ಉಪಾಯವೇ, ಆದರೆ ಅರ್ತಿಂಗ್ ಕ್ಲಿಪ್ಪನ್ನು ಅದೇ ಕೇಜಿಗೆ, ತುಂಡಿನ ಹತ್ತಿರವೇ ಹಾಕಿಸಬೇಕು. ಚಾಸಿಗೆ ಹಾಕಿದರೆ ಕರೆಂಟು ಬೇರಿಂಗಿನ ರೋಲರುಗಳ ಮೂಲಕ ಹರಿದು ಅಲ್ಲಲ್ಲಿ ಗುಳಿ ಬೀಳಿಸುತ್ತದೆ. ತಿಂಗಳೊಳಗೆ ಹೊಸ ಸದ್ದು ಕೇಳಿದರೆ ಆಗ ಬೈಗುಳ ಬೀಳುವುದು ಪಾಪ ಡಿಫರೆನ್ಶಿಯಲ್ಲಿಗೆ.

ಗುಜರಿಯಿಂದ ಬಂದ ಹೌಸಿಂಗಿನ ಒಳಗೇನಿದೆಯೆಂದು ಹೊರಗಿನಿಂದ ಹೇಳುವವರು ಯಾರು? ಅದು ಎಷ್ಟು ಕಿಲೋಮೀಟರ್ ಓಡಿದೆ, ಎಣ್ಣೆಯಿಲ್ಲದೆ ಓಡಿದೆಯೇ, ನೀರಲ್ಲಿ ಮುಳುಗಿತ್ತೇ, ತಿಳಿಯದು. ನೋಡಲು ಒಂದೇ ಥರದ ಹೌಸಿಂಗಿನಲ್ಲಿ ಹಲ್ಲುಗಳ ಲೆಕ್ಕ ಬೇರೆ ಇರಬಹುದು. ಕ್ರೌನಿಗೆ 41, ಪಿನಿಯನ್ನಿಗೆ 9 ಹಲ್ಲಿದ್ದರೆ ಅನುಪಾತ 4.56. ಅದು ಬದಲಾದರೆ ಗಾಡಿಯ ಎಳೆತ, ಮೈಲೇಜು ಎರಡೂ ಬದಲಾಗುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಪಿನ್ನು ಯಾಕೆ ಮುರಿಯಿತೆಂಬುದು ಗೊತ್ತಾಗದೆಯೇ ಹೋಗುತ್ತದೆ. ಸೀಲು ಸೋರಿ ಎಣ್ಣೆ ಬತ್ತಿತ್ತೋ, ಎರಡು ಹಿಂಗಾಲಿಗೆ ಬೇರೆಬೇರೆ ಅಳತೆಯ ಟೈರಿದ್ದವೋ, ಮುರಿದ ತುಂಡಿನ ಮುಖವೂ ಎಣ್ಣೆಯೊಳಗಿನ ಲೋಹದ ಪುಡಿಯೂ ಅದನ್ನು ಹೇಳುತ್ತವೆ. ಟೈರಿನ ತಪ್ಪನ್ನು ಹಾಗೇ ಬಿಟ್ಟರೆ ತಂದು ಹಾಕಿದ ಹೌಸಿಂಗೂ ಅದೇ ದಾರಿ ಹಿಡಿದೀತು.

ಕ್ರೌನಿನ ಹಲ್ಲೇ ಉದುರಿದ್ದರೆ, ಕೇಜಿನ ತೂತು ಅಂಡಾಕಾರಕ್ಕೆ ಸವೆದಿದ್ದರೆ, ಹೌಸಿಂಗ್ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು, ಅಲ್ಲಿ ನನ್ನ ವಾದವಿಲ್ಲ. ಕ್ರೌನು ಪಿನಿಯನ್ನುಗಳನ್ನಂತೂ ಜೋಡಿಯಾಗಿಯೇ ಬದಲಿಸಬೇಕು. ಆದರೆ ಅದನ್ನು ತೀರ್ಮಾನಿಸುವುದು ಬಿಚ್ಚಿ ನೋಡಿದ ಮೇಲೆ.

ಹಾಗಾಗಿ ಗಾಡಿಯ ಯಜಮಾನರಲ್ಲಿ ನನ್ನ ಕೋರಿಕೆ ಇಷ್ಟು. ಮೆಕ್ಯಾನಿಕ್‌ಗೆ ಒಂದು ದಿನ ಹೆಚ್ಚು ಸಮಯ ಕೊಡಿ, ಆ ದಿನದ ಕೂಲಿಯನ್ನೂ ಕೊಡಿ. ತೆಗೆದ ತುಂಡುಗಳನ್ನೆಲ್ಲ ಕೇಳಿ ಪಡೆದು, ಒಂದಕ್ಕೊಂದು ಜೋಡಿಸಿ ನೋಡಿ. ಒಂದು ಚೂರು ಲೆಕ್ಕಕ್ಕೆ ಸಿಗದಿದ್ದರೂ ಹೊಸ ಎಣ್ಣೆ ಹಾಕಲು ಬಿಡಬೇಡಿ.