ಎಲ್ಲದಕ್ಕೂ ಕೊನೆ, ಸೂಜಿಗೆ ಮಾತ್ರ ಮೊದಲಾ?



ಊರ ಬಾವಿಗೆ ನಾವು ಕೊನೆ. ಜಾತ್ರೆ ಊಟಕ್ಕೆ ಕೊನೆ. ಕಚೇರಿ ಕುರ್ಚಿಗೆ ಕೊನೆ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ನಿಂತರೂ ಕೊನೆ. ಹೀಗೆ ತಲತಲಾಂತರದಿಂದ ಕೊನೆಯಲ್ಲೇ ನಿಂತು ಬಂದ ಜನಕ್ಕೆ ಒಂದು ದಿನ ಇದ್ದಕ್ಕಿದ್ದಂತೆ 'ಬನ್ನಿ, ನೀವೇ ಮೊದಲು' ಅಂತ ಕರೆ ಬಂದರೆ ಏನನ್ನಿಸಬೇಕು? ಖುಷಿಗಿಂತ ಮೊದಲು ಹುಟ್ಟೋದು ಅನುಮಾನ.

2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಶುರುವಾಯಿತು. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಕ್ಯಾಮೆರಾಗಳ ಮುಂದೆ ಮೊದಲ ಸೂಜಿ ಹಾಕಿಸಿಕೊಂಡವರು ಒಬ್ಬ ಸಫಾಯಿ ಕಾರ್ಮಿಕ. ಅದೇ ದಿನ ಆ ಆಸ್ಪತ್ರೆಯ ನಿರ್ದೇಶಕರೂ ಹಾಕಿಸಿಕೊಂಡರು, ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೂ ದೇಶದ ಉದ್ದಕ್ಕೂ ಕಸ ಗುಡಿಸುವವರು, ಆಯಾಗಳು, ವಾರ್ಡ್‌ಬಾಯ್‌ಗಳು, ನರ್ಸುಗಳು, ಆಶಾ ತಾಯಂದಿರು ಮಾತ್ರವಲ್ಲ, ಡಾಕ್ಟರುಗಳೂ ಹಿಂದೇಟು ಹಾಕಿದರು. ಮೊದಲ ದಿನದ ಗುರಿ 3 ಲಕ್ಷ ಮಂದಿ. ಹಾಕಿಸಿಕೊಂಡವರು ಸುಮಾರು 2 ಲಕ್ಷ. ಹೆಸರು ನೋಂದಾಯಿಸುವ ಕಂಪ್ಯೂಟರ್ ವ್ಯವಸ್ಥೆ ಕೈಕೊಟ್ಟದ್ದು ಒಂದು ಕಾರಣ. ಮನಸ್ಸು ಕೈಕೊಟ್ಟದ್ದು ಇನ್ನೊಂದು ಕಾರಣ. ಆ ಎರಡನೆಯದರ ಬಗ್ಗೆ ನಾವು ಇಲ್ಲಿ ಮಾತಾಡಬೇಕು. ಯಾಕೆಂದರೆ ಆಸ್ಪತ್ರೆಯಲ್ಲಿ ಪೊರಕೆ, ಬಕೆಟ್ಟು, ಬೆಡ್‌ಪ್ಯಾನ್ ಹಿಡಿದವರಲ್ಲಿ ಬಹುಪಾಲು ನಮ್ಮ ಕೇರಿಯವರು. ನಾಳೆ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಆಗಿ ಅದೇ ಆಸ್ಪತ್ರೆಗೆ ಹೋಗುವವರು ಹಾಸ್ಟೆಲಿನ ನೀವು.

ಒಂದೇ ಭಯ, ಎರಡು ಹೆಸರು

2021ರ ಜನವರಿ 3ರಂದು ಕೋವಿಶೀಲ್ಡ್, ಕೋವ್ಯಾಕ್ಸಿನ್ ಎರಡಕ್ಕೂ ತುರ್ತು ಅನುಮತಿ ಸಿಕ್ಕಿತು. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪರೀಕ್ಷೆಯ ಫಲಿತಾಂಶ ಆಗ ಬಂದೇ ಇರಲಿಲ್ಲ. ಅದಕ್ಕೇ ಅದನ್ನು 'ಕ್ಲಿನಿಕಲ್ ಟ್ರಯಲ್' ರೀತಿಯಲ್ಲಿ ಕೊಡಬೇಕು, ತಗೊಳ್ಳುವವರು ಒಪ್ಪಿಗೆ ಪತ್ರಕ್ಕೆ ರುಜು ಹಾಕಬೇಕು ಎಂಬ ಷರತ್ತು ಇತ್ತು. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರುಗಳ ಸಂಘ ಮೊದಲ ದಿನವೇ ಮೇಲಿನವರಿಗೆ ಕಾಗದ ಬರೆಯಿತು. ಪರೀಕ್ಷೆ ಪೂರ್ತಿಯಾಗದ ಲಸಿಕೆ ಬಗ್ಗೆ ನಮಗೆ ಅಳುಕಿದೆ, ಕೋವಿಶೀಲ್ಡನ್ನೇ ಕೊಡಿ ಎಂಬುದು ಅದರ ಸಾರ.

ಡಾಕ್ಟರುಗಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಮ್ಮ ತಕರಾರು ಅದಕ್ಕಲ್ಲ. ಡಾಕ್ಟರು ಅಳುಕಿದರೆ ಅದಕ್ಕೆ 'ವೈಜ್ಞಾನಿಕ ಎಚ್ಚರ' ಅಂತ ಹೆಸರು. ಅದೇ ವಾರ್ಡಿನ ಆಯಾ ಅಳುಕಿದರೆ 'ಮೂಢನಂಬಿಕೆ', 'ಓದಿಲ್ಲದ ಜನ'. ಭಯ ಒಂದೇ, ಅದಕ್ಕಿಡುವ ಹೆಸರು ಮಾತ್ರ ಜಾತಿ ನೋಡಿ, ಸಂಬಳ ನೋಡಿ ಬದಲಾಗ್ತದೆ. ಡಾಕ್ಟರಿಗೆ ಕಾಗದ ಬರೆಯೋಕೆ ಸಂಘ ಇದೆ. ಗುತ್ತಿಗೆಯ ಆಯಾ ಬಾಯಿಬಿಟ್ಟರೆ ನಾಳೆ ಕೆಲಸ ಇಲ್ಲ. ಹಾಗಾಗಿ ಆಕೆಯ ಪ್ರಶ್ನೆ ಪ್ರಶ್ನೆಯಾಗಿ ಹೊರಬರೋದೇ ಇಲ್ಲ. 'ನಂಗೆ ಬಿ.ಪಿ. ಇದೆ', 'ಮನೇಲಿ ಬೇಡ ಅಂದ್ರು' ಎಂಬ ನೆಪವಾಗಿ ಹೊರಬರ್ತದೆ.

ಭಯದ ಒಳಗೆ ಏನಿದೆ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಜಗತ್ತಿನ ಆರೋಗ್ಯಕ್ಕಿರುವ ಹತ್ತು ಗಂಡಾಂತರಗಳಲ್ಲಿ ಲಸಿಕೆಯ ಹಿಂಜರಿಕೆಯನ್ನೂ ಸೇರಿಸಿತು. ಅದರ ತಜ್ಞರು ಹಿಂಜರಿಕೆಯ ಬೇರನ್ನು ಮೂರು ಕಡೆ ಹುಡುಕುತ್ತಾರೆ: ನಂಬಿಕೆ, ಉದಾಸೀನ, ಅನುಕೂಲ. ಈ ಮೂರನ್ನೂ ಆಸ್ಪತ್ರೆಯ ಕಾರಿಡಾರಿಗೆ ತಂದು ನೋಡೋಣ.

ಉದಾಸೀನ ಅಂದರೆ ಸೋಮಾರಿತನ ಅಲ್ಲ. 2020ರ ಪೂರ್ತಿ ಕೊರೋನಾ ವಾರ್ಡಿನಲ್ಲಿ ಹೆಣ ಎತ್ತಿದವರಿಗೆ ಅಪಾಯ ಅಭ್ಯಾಸವಾಗಿ ಹೋಗಿತ್ತು. 'ಇಷ್ಟು ದಿನ ಏನೂ ಆಗ್ಲಿಲ್ಲ, ಇನ್ನೇನಾಗ್ತದೆ' ಎಂಬ ಧೈರ್ಯ. ಬೆಂಕಿಯ ಪಕ್ಕ ಬದುಕುವವನಿಗೆ ಬೆಂಕಿ ಮರೆತು ಹೋಗ್ತದೆ.

ಇನ್ನೊಂದು, ಮನುಷ್ಯನ ಮನಸ್ಸಿನ ಲೆಕ್ಕವೇ ಹಾಗೆ: ಸುಮ್ಮನಿದ್ದು ಬಂದ ಕೇಡು ಹಣೆಬರಹ ಅನ್ನಿಸ್ತದೆ, ತಾನಾಗಿ ಮಾಡಿ ಬಂದ ಕೇಡು ತಪ್ಪು ಅನ್ನಿಸ್ತದೆ. ರೋಗ ಬಂದು ಸತ್ತರೆ 'ಬಂತು, ಹೋದ'. ಸೂಜಿ ಹಾಕಿಸಿಕೊಂಡು ಜ್ವರ ಬಂದರೂ 'ನಾನೇ ಯಾಕೆ ಕೈ ಕೊಟ್ಟೆ'. ಎರಡನೆಯದು ಎಷ್ಟು ಸಣ್ಣದಿದ್ದರೂ ದೊಡ್ಡದಾಗಿ ಕಾಣ್ತದೆ. ಆಸ್ಪತ್ರೆಯಲ್ಲಿರುವವರಿಗೆ ಇದು ಇನ್ನೂ ಹೆಚ್ಚು. ಲಸಿಕೆಯಾದ ಮೇಲೆ ತೊಂದರೆಯಾದ ಒಬ್ಬ ಅವರ ವಾರ್ಡಿಗೇ ಬರ್ತಾನೆ. ಏನೂ ಆಗದ ಸಾವಿರಾರು ಮಂದಿ ತಮ್ಮ ಮನೆಯಲ್ಲಿ ಮುದ್ದೆ ಉಂಡು ಮಲಗಿರ್ತಾರೆ, ಅವರು ಕಣ್ಣಿಗೆ ಬೀಳೋದೇ ಇಲ್ಲ.

ಮೂರನೆಯದು ಅಕ್ಕಪಕ್ಕ ನೋಡೋದು. ಹೆಡ್ ನರ್ಸು ಹಾಕಿಸಿಕೊಂಡರಾ? ದೊಡ್ಡ ಡಾಕ್ಟರು? ಅವರು 'ಆಮೇಲೆ ನೋಡೋಣ' ಅಂದರೆ ಕೆಳಗಿನವರಿಗೆ ಅದೇ ಉತ್ತರ. ಕೆಳಗಿನವರು ಮೇಲಿನವರ ಭಾಷಣ ಕೇಳಿಸಿಕೊಳ್ಳೋದಿಲ್ಲ, ಅವರ ತೋಳು ನೋಡ್ತಾರೆ.

ಅನುಕೂಲದ ಮಾತು ಬಂದರೆ ಅದು ಹೊಟ್ಟೆಯ ಮಾತು. ಲಸಿಕೆಯಾದ ಮಾರನೆ ದಿನ ಮೈಕೈ ನೋವು, ಜ್ವರ ಬರಬಹುದು. ಖಾಯಂ ನೌಕರನಿಗೆ ರಜೆ ಇದೆ. ಗುತ್ತಿಗೆಯವಳಿಗೆ ಆ ದಿನದ ಕೂಲಿ ಖೋತಾ. ಆಶಾ ತಾಯಂದಿರಿಗೆ ಸಂಬಳವೇ ಇಲ್ಲ, ಗೌರವಧನ. 2020ರ ಜುಲೈನಲ್ಲಿ, ರೋಗ ಏರುತ್ತಿದ್ದಾಗಲೇ, ಕರ್ನಾಟಕದ ಆಶಾಗಳು ತಿಂಗಳಿಗೆ 12 ಸಾವಿರ ರೂಪಾಯಿ ಕೊಡಿ, ರಕ್ಷಣಾ ಸಾಮಗ್ರಿ ಕೊಡಿ ಅಂತ ಮುಷ್ಕರ ಹೂಡಬೇಕಾಯಿತು. ಒಂದು ಮಾಸ್ಕಿಗೆ ಬೀದಿಗಿಳಿಸಿದ ಸರ್ಕಾರ ಆರು ತಿಂಗಳಿಗೆ 'ನಿಮ್ಮ ಪ್ರಾಣ ನಮಗೆ ಮುಖ್ಯ' ಅಂದರೆ ನಂಬೋದು ಹೇಗೆ?

ನಂಬಿಕೆಯ ಬೇರು

ನಂಬಿಕೆ ಅಂದರೆ ಸೀಸೆಯೊಳಗಿನ ಔಷಧಿಯ ಮೇಲಿನ ನಂಬಿಕೆ ಮಾತ್ರ ಅಲ್ಲ. ಸೀಸೆ ಹಿಡಿದ ಕೈಯ ಮೇಲಿನ ನಂಬಿಕೆ. ಆ ಕೈಯ ಚರಿತ್ರೆ ನಮ್ಮ ಜನಕ್ಕೆ ಪುಸ್ತಕ ಓದದೆಯೂ ಗೊತ್ತು.

1897ರ ಜನವರಿ 10ರಂದು ಮುಂಬೈಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ತಾನು ಮಾಡಿದ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಅದು ದೊಡ್ಡತನ. ಆದರೆ ಆಮೇಲಿನ ಸರದಿಯಲ್ಲಿ ಬೈಕುಲ್ಲಾ ಜೈಲಿನ ಕೈದಿಗಳಿದ್ದರು. ಅವರು ಸ್ವಂತ ಇಚ್ಛೆಯಿಂದ ಬಂದರು ಅನ್ನುತ್ತದೆ ದಾಖಲೆ. ಕೈದಿಯ ಇಚ್ಛೆ ಎಷ್ಟು ಸ್ವಂತದ್ದು?

ಹಳೇ ಕತೆ ಅಂತೀರಾ? ಹಾಸ್ಟೆಲಿನ ಗೆಳೆಯರು ಇದನ್ನು ಮರೆಯಬಾರದು. 2009ರಲ್ಲಿ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಒಂದು ಅಧ್ಯಯನದ ಹೆಸರಲ್ಲಿ ಸಾವಿರಾರು ಹುಡುಗಿಯರಿಗೆ ಹಾಕಿದರು. ಅವರಲ್ಲಿ ಆದಿವಾಸಿ ಮಕ್ಕಳು ಬಹಳ, ಹಾಸ್ಟೆಲ್ ಮಕ್ಕಳು ಬಹಳ. 2013ರಲ್ಲಿ ಸಂಸತ್ತಿನ ಸಮಿತಿ ಕೊಟ್ಟ ವರದಿಯಲ್ಲಿ ಲೆಕ್ಕ ಇದೆ: 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ರುಜು ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. 1,948ಕ್ಕೆ ಹೆಬ್ಬೆಟ್ಟು. ಅಧ್ಯಯನದ ಅವಧಿಯಲ್ಲಿ ಕೆಲವು ಹುಡುಗಿಯರು ಸತ್ತರು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆ ಲಸಿಕೆ ಒಳ್ಳೆಯದೇ, ಜಗತ್ತಿನಾದ್ಯಂತ ಹೆಣ್ಣುಮಕ್ಕಳನ್ನು ಉಳಿಸುತ್ತಿದೆ. ಆದರೆ ಒಳ್ಳೆಯ ಔಷಧಿಯನ್ನೂ ನಮ್ಮ ಮಕ್ಕಳಿಗೆ ಕೇಳದೆ ಚುಚ್ಚಿದರು. ಅಪ್ಪ ಅವ್ವ ಬದುಕಿರುವಾಗ ವಾರ್ಡನ್ ಯಾರು ರುಜು ಹಾಕೋಕೆ?

ಅನುಮಾನ ಸರಿ, ಸಾವು ಸರಿಯಲ್ಲ

ಇಷ್ಟೆಲ್ಲ ಹೇಳಿ 'ಲಸಿಕೆ ಬೇಡ' ಎಂದು ನಾವು ಹೇಳುವುದಿಲ್ಲ. ಹೇಳಿದರೆ ಅದು ನಮ್ಮ ಜನಕ್ಕೆ ಮಾಡುವ ದ್ರೋಹ. ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನೂ ನೋಡಬೇಕು. ಅದೇ ವಿಚಾರವಂತರ ಹಾದಿ.

ಉತ್ತರ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ ಬಂತು. 2021ರ ಎರಡನೇ ಅಲೆಯಲ್ಲಿ ಅವರು ತಮ್ಮ ಸಿಬ್ಬಂದಿಯ ಲೆಕ್ಕವನ್ನೇ ತೆಗೆದರು. ಎರಡು ಡೋಸ್ ಆದವರಲ್ಲಿ ಆಸ್ಪತ್ರೆ ಸೇರುವ ಪ್ರಮಾಣ 77 ಶೇಕಡಾ ಕಡಿಮೆ. ಆಮ್ಲಜನಕ ಬೇಕಾಗುವುದು 92 ಶೇಕಡಾ ಕಡಿಮೆ. ಐ.ಸಿ.ಯು. ಸೇರುವುದು 94 ಶೇಕಡಾ ಕಡಿಮೆ. ಕೋವ್ಯಾಕ್ಸಿನ್‌ನ ಫಲಿತಾಂಶವೂ ಮಾರ್ಚ್ 3ರಂದು ಬಂತು, 81 ಶೇಕಡಾ ರಕ್ಷಣೆ ಎಂದು ಕಂಪನಿ ಹೇಳಿತು. ಕೋವಿಶೀಲ್ಡ್‌ನಿಂದ ಅತಿ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದೆ ಎಂಬುದೂ ನಿಜ. ಅದನ್ನು ಬಚ್ಚಿಟ್ಟರೆ ಅನುಮಾನ ಹೆಚ್ಚುತ್ತದೆ, ಬಿಚ್ಚಿ ಹೇಳಿದರೆ ನಂಬಿಕೆ ಹುಟ್ಟುತ್ತದೆ. ನಮ್ಮ ಜನಕ್ಕೆ ಲೆಕ್ಕ ಅರ್ಥವಾಗ್ತದೆ. ಮಾರ್ವಾಡಿಯ ಬಡ್ಡಿ ಲೆಕ್ಕ ಅರ್ಥವಾಗೋರಿಗೆ ಇದು ಯಾವ ಮಹಾ?

ಹಾಫ್‌ಕಿನ್ ಸೂಜಿ ಚುಚ್ಚಿಕೊಂಡ ಎರಡು ತಿಂಗಳಿಗೆ, 1897ರ ಮಾರ್ಚ್ 10ರಂದು, ಪುಣೆಯಲ್ಲಿ ತಾಯಿ ಸಾವಿತ್ರಿಬಾಯಿ ಫುಲೆ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಅದೇ ರೋಗಕ್ಕೆ ಬಲಿಯಾದರು. ಆಕೆಗೆ ಕೈ ಮುಗಿಯುವುದು ಸುಲಭ. ಸೇವೆ ಮಾಡುವವರು ಸಾಯಲೇಬೇಕಾಗಿಲ್ಲ ಎಂದು ಹಠ ಹಿಡಿಯುವುದು ಆಕೆಗೆ ನಾವು ಸಲ್ಲಿಸುವ ನಿಜವಾದ ಗೌರವ.

ಮಾಡಬೇಕಾದ್ದೇನು?

ಕೊರೋನಾ ಕತೆ ಹಿಂದಾಯಿತು ಅಂತ ಸುಮ್ಮನಿರಬೇಡಿ. ಹೆಪಟೈಟಿಸ್ ಬಿ ಇವತ್ತೂ ಇದೆ. ಬಳಸಿ ಬಿಸಾಡಿದ ಸೂಜಿ ಕಸ ಎತ್ತುವವಳ ಬೆರಳಿಗೆ ಚುಚ್ಚಿದರೆ ಸಾಕು. ಒಣಗಿದ ರಕ್ತದಲ್ಲೂ ಆ ವೈರಸ್ಸು ಏಳು ದಿನ ಬದುಕಿರ್ತದೆ. ಮೂರು ಡೋಸ್ ಲಸಿಕೆಯಿಂದ ಅದನ್ನು ತಡೆಯಬಹುದು. ಆಸ್ಪತ್ರೆಯ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯವರ ಹೊಣೆ ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೇ ಹೇಳುತ್ತದೆ. ಇದು ಭಿಕ್ಷೆಯಲ್ಲ, ಹಕ್ಕು.

ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅವ್ವನನ್ನೋ, ಚಿಕ್ಕಮ್ಮನನ್ನೋ, ಪಕ್ಕದ ಮನೆ ಅಕ್ಕನನ್ನೋ ಕೇಳಿ: 'ಮೂರೂ ಡೋಸ್ ಆಗಿದೆಯಾ? ಕಾರ್ಡ್ ಎಲ್ಲಿ?' 'ಇಲ್ಲಪ್ಪ, ನಂಗೆ ಭಯ' ಅಂದರೆ ನಗಬೇಡಿ, ಉಪದೇಶ ಮಾಡಬೇಡಿ. ಭಯ ಯಾತರದು ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಒಪ್ಪಿಗೆ ಪತ್ರವಿದ್ದರೆ ಕನ್ನಡದಲ್ಲಿ ಓದಿ ಹೇಳಿ, ಕನ್ನಡದಲ್ಲಿಲ್ಲದಿದ್ದರೆ ಕನ್ನಡದಲ್ಲಿ ಕೊಡಿ ಅಂತ ಒತ್ತಾಯಿಸಿ. ಜ್ವರ ಬಂದ ದಿನಕ್ಕೆ ಸಂಬಳ ಸಹಿತ ರಜೆ ಕೇಳಿ. ದೊಡ್ಡ ಡಾಕ್ಟರು ಅದೇ ಸಾಲಲ್ಲಿ ನಿಂತು ಅದೇ ಸೀಸೆಯಿಂದ ಹಾಕಿಸಿಕೊಳ್ಳಲಿ ಅಂತ ಕೇಳಿ. ಹಾಸ್ಟೆಲಿಗೇ ಸೂಜಿ ಬಂದರೆ, ನಿಮ್ಮ ಬದಲು ಯಾರೂ ರುಜು ಹಾಕದಂತೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿಯೇ ತೋಳು ಕೊಡೋಣ, ತೋಳು ಕೊಟ್ಟೂ ಪ್ರಶ್ನೆ ಕೇಳೋಣ.

ಜೈ ಭೀಮ್.