ಹದ ತಿಳಿಸುವ ಮಾಪಕ

ಅನ್ನಕ್ಕೆ ಎಷ್ಟು ನೀರು ಇಡಬೇಕೆಂದು ನಮ್ಮ ತಾಯಿಯವರನ್ನು ಕೇಳಿದರೆ ಅವರು ಒಡನೆಯೇ ಉತ್ತರ ಹೇಳುವವರಲ್ಲ. “ಯಾವ ಅಕ್ಕಿ?” ಎಂದು ಮೊದಲು ಮರುಪ್ರಶ್ನೆ ಹಾಕುವರು. ಹಳೆಯ ಅಕ್ಕಿ ಹೆಚ್ಚು ನೀರು ಬೇಡುತ್ತದೆ. ಹೊಸ ಅಕ್ಕಿಗೆ ಅಷ್ಟೇ ನೀರಿಟ್ಟರೆ ಅನ್ನ ಮುದ್ದೆಯಾಗುತ್ತದೆ. ಈ ಮರುಪ್ರಶ್ನೆಯ ಬೆಲೆ ನನಗೆ ಮನಗಂಡದ್ದು ಅಡಿಗೆಯ ಮನೆಯಲ್ಲಲ್ಲ, ಮೋಟಾರು ಗ್ಯಾರೇಜಿನಲ್ಲಿ. ಅದೂ ಸುಮ್ಮನೆ ತಿಳಿಯಲಿಲ್ಲ. ದಂಡ ತೆತ್ತು ತಿಳಿಯಿತು.

ನಾನು ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಷಟ್ಪದಿಗೆ ಪ್ರಸ್ತಾರ ಹಾಕೆಂದರೆ ಹಾಕಬಲ್ಲೆ. ಇಂಜಿನಿನ ಮಾತು ಬಂದರೆ ಮೇಸ್ತ್ರಿಯ ಮುಖ ನೋಡಬೇಕು. ಆದರೆ ತಂದೆಯವರು ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿ ಕಾರೊಂದು ನಮ್ಮ ಮೈಸೂರಿನ ಮನೆಯಲ್ಲಿದೆ. 1,089 ಸಿ.ಸಿ.ಯ ಸಣ್ಣ ಇಂಜಿನು. ಗಾಳಿಗೆ ಪೆಟ್ರೋಲನ್ನು ಬೆರಸಿಕೊಡುವ ಕೆಲಸ ಅದರಲ್ಲಿ ಕಾರ್ಬ್ಯುರೇಟರಿನದು. ತಂದೆಯವರ ಕಾಲದಿಂದಲೂ ಒಬ್ಬರೇ ಮೇಸ್ತ್ರಿ ಅದನ್ನು ನೋಡಿಕೊಂಡು ಬಂದಿದ್ದಾರೆ. ಕಿವಿಯಿಟ್ಟು ಕೇಳಿ, ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬಣ್ಣ ನೋಡಿ, ಹದ ಹೇಳುವುದು ಅವರ ಕ್ರಮ. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿ. ಬಿಳುಪಾಗಿದ್ದರೆ ಪೆಟ್ರೋಲು ಸಾಲದು, ಮಿಶ್ರಣ ಲೀನ್. ಮಸಿಗಟ್ಟಿದ್ದರೆ ಪೆಟ್ರೋಲು ಹೆಚ್ಚು, ಮಿಶ್ರಣ ರಿಚ್.

ಈಚೆಗೆ ಆ ಕಾರು ಚಾಮುಂಡಿ ಬೆಟ್ಟವನ್ನು ಏರುವಾಗ ತಡವರಿಸತೊಡಗಿತು. ಮೇಸ್ತ್ರಿ ಪಕ್ಕದಲ್ಲಿ ಕುಳಿತು ಒಂದು ಸುತ್ತು ಬಂದು, “ಮೇಷ್ಟ್ರೇ, ಏದುಸಿರು ಬಿಡ್ತಾ ಇದೆ. ಎಣ್ಣೆ ಸಾಲ್ತಾ ಇಲ್ಲ” ಎಂದರು.

ಕಾರಣಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ದೇಶದ ಸರಾಸರಿ ಬೆರಕೆಯೇ ಆ ಪ್ರಮಾಣವನ್ನು ಮುಟ್ಟಿತು. ಅಪ್ಪಟ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಅದರ ಒಂದು ತೂಕಕ್ಕೆ ಸುಮಾರು 14.7 ತೂಕದ ಗಾಳಿ ಬೇಕು. ಎಥನಾಲಿನಲ್ಲಿ ಆಮ್ಲಜನಕ ಮೊದಲೇ ಸೇರಿಕೊಂಡಿರುವುದರಿಂದ ಅದಕ್ಕೆ 9 ತೂಕದ ಗಾಳಿ ಸಾಕು. ಎರಡನ್ನೂ ಬೆರಸಿದ ಈಗಿನ ಇಂಧನಕ್ಕೆ ಬೇಕಾದುದು ಸುಮಾರು 13.5. ಹೊಸ ಕಾರುಗಳಲ್ಲಿ ಕಂಪ್ಯೂಟರು ಇದನ್ನು ತಾನೇ ಅರಿತು ಇಂಧನವನ್ನು ಹೆಚ್ಚಿಸಿಕೊಳ್ಳುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಆ ಬುದ್ಧಿ ಎಲ್ಲಿಂದ ಬರಬೇಕು? ಅದು ಹಿಂದಿನ ಲೆಕ್ಕದಲ್ಲಿಯೇ ಬಡಿಸುತ್ತದೆ; ಇಂಜಿನು ಶೇಕಡ 8ರಷ್ಟು ಹಸಿದಿರುತ್ತದೆ. ಭಾರ ಎಳೆಯುವಾಗ ಮಿಶ್ರಣ ತೀರ ತೆಳುವಾದರೆ ಶಾಖವೇರಿ ಕವಾಟಗಳೂ ಪಿಸ್ಟನ್ನುಗಳೂ ಸುಟ್ಟುಹೋಗುವ ಭಯವುಂಟು.

ಜೆಟ್ಟನ್ನು ಬದಲಾಯಿಸೋಣ ಎಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. “ಕಿವಿಯ ಲೆಕ್ಕ ಎಷ್ಟು ದಿನ, ಮೇಸ್ತ್ರಿ? ಅಂಕಿ ಕಣ್ಣಿಗೆ ಕಾಣಬೇಕು” ಎಂದುಬಿಟ್ಟೆ. ಅವರು ಸುಮ್ಮನಾದರು. ಆ ಮೌನದ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೀಗೆ ಗಾಳಿ ಮತ್ತು ಇಂಧನದ ಪ್ರಮಾಣವನ್ನು ತೋರಿಸುವ ಮಾಪಕವನ್ನು ಕೊಳ್ಳಲು ಹೊರಟೆ. ಮೊದಲು ಕೈಗೆ ಬಂದುದು ಅಗ್ಗದ್ದು. ಕೆಂಪು, ಹಳದಿ, ಹಸಿರು ದೀಪಗಳು ಸಾಲಾಗಿ ಕುಣಿಯುವ ಚೆಲುವಾದ ವಸ್ತು. ಇದರ ಹಿಂದಿರುವ ಸಂವೇದಕ ನ್ಯಾರೋಬ್ಯಾಂಡ್ ಜಾತಿಯದು. ಜರ್ಮನಿಯ ಬಾಷ್ ಕಂಪನಿಯವರು 1976ರಲ್ಲಿ ಮಾರುಕಟ್ಟೆಗೆ ತಂದು, ಮೊದಲು ವೋಲ್ವೋ ಕಾರುಗಳಿಗೆ ಅಳವಡಿಸಿದ ಸಾಧನದ ವಂಶ ಇದು. ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ ನೋಡಿ, ಮಿಶ್ರಣ ಗಾಢವಾಗಿದ್ದರೆ ಹೆಚ್ಚುಕಡಮೆ 0.8 ವೋಲ್ಟು, ತೆಳುವಾಗಿದ್ದರೆ 0.1 ವೋಲ್ಟು ಕೊಡುತ್ತದೆ. ನಡುವಿನ ಹದದಲ್ಲಿ ಥಟ್ಟನೆ ಅತ್ತಿಂದಿತ್ತ ಜಿಗಿಯುತ್ತದೆ. ಹದ ತಪ್ಪಿದೆಯೆಂದು ಹೇಳಬಲ್ಲುದೇ ಹೊರತು ಎಷ್ಟು ತಪ್ಪಿದೆಯೆಂದು ಹೇಳಲಾರದು. ಪ್ರಸ್ತಾರ ಹಾಕುವ ಹುಡುಗನೊಬ್ಬ ಪ್ರತಿ ಸಾಲಿಗೂ “ಛಂದಸ್ಸು ಕೆಟ್ಟಿದೆ” ಎಂದಷ್ಟೇ ಕೂಗಿ, ಎಷ್ಟು ಮಾತ್ರೆ ಹೆಚ್ಚು, ಎಷ್ಟು ಕಡಮೆ ಎನ್ನದಿದ್ದರೆ ಕವಿ ತಿದ್ದುವುದು ಹೇಗೆ? ಬೆಟ್ಟ ಏರುವಾಗ ಬೇಕಾದುದು ನಡುವಿನ ಹದವಲ್ಲ, ಅದಕ್ಕಿಂತ ಶೇಕಡ 10ರಿಂದ 15ರಷ್ಟು ಗಾಢವಾದ ಹದ. ಅಲ್ಲಿ ಈ ದೀಪಗಳು ಕುರುಡು. ಆ ಹಣ ನೀರಿನಲ್ಲಿ ಹೋಯಿತು.

ಎರಡನೆಯದು ವೈಡ್‌ಬ್ಯಾಂಡ್ ಮಾಪಕ. ಇದರ ಸಂವೇದಕದಲ್ಲಿ ಇನ್ನೊಂದು ಕೋಶವುಂಟು. ಅದು ಆಮ್ಲಜನಕವನ್ನು ಒಳಗೂ ಹೊರಗೂ ಪಂಪು ಮಾಡಿ ಹದವನ್ನು ಸಮತೋಲಕ್ಕೆ ತರಲು ಯತ್ನಿಸುತ್ತದೆ. ಆ ಯತ್ನಕ್ಕೆ ಎಷ್ಟು ವಿದ್ಯುತ್ತು ಬೇಕಾಯಿತೆಂಬುದೇ ಅಳತೆ. ಆದ್ದರಿಂದ ಎಷ್ಟು ಗಾಢ, ಎಷ್ಟು ತೆಳು ಎಂಬುದು ಅಂಕಿಯಲ್ಲಿ ಕಾಣುತ್ತದೆ. ಬೆಲೆ ಹಲವು ಪಟ್ಟು ಹೆಚ್ಚು. ಕೊಂಡೆ, ಹಾಕಿಸಿದೆ.

ಇನ್ನು ನನ್ನ ಪಾಂಡಿತ್ಯದ ಕಥೆ. ಈಗಿನ ಇಂಧನಕ್ಕೆ ಬೇಕಾದುದು 13.5 ಎಂದು ಲೆಕ್ಕ ಹಾಕಿದ್ದೆನಷ್ಟೆ? ಸಮ ರಸ್ತೆಯಲ್ಲಿ ಮಾಪಕ 13.5 ತೋರಿಸುವವರೆಗೂ ಜೆಟ್ಟನ್ನು ದೊಡ್ಡದು ಮಾಡಿಸಿದೆ. ಮೇಸ್ತ್ರಿ ಎರಡು ಸಲ, “ಜಾಸ್ತಿ ಆಯ್ತು ಸ್ವಾಮಿ, ವಾಸನೆ ಬರ್ತಾ ಇದೆ” ಎಂದರು. ನಾನು ಅಂಕಿಯನ್ನು ತೋರಿಸಿದೆ. ಒಂದು ತಿಂಗಳಾಗುವಷ್ಟರಲ್ಲಿ ಲೀಟರಿಗೆ 13 ಕಿಲೋಮೀಟರು ಕೊಡುತ್ತಿದ್ದ ಬಂಡಿ 11ಕ್ಕೆ ಇಳಿಯಿತು. ಮೇಸ್ತ್ರಿ ಮಾತಿಲ್ಲದೆ ಪ್ಲಗ್ಗುಗಳನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು; ನಾಲ್ಕೂ ಕಾಡಿಗೆ. ಆಯಿಲ್ ನೋಡುವ ಕಡ್ಡಿಯನ್ನು ಮೂಗಿನ ಬಳಿ ಹಿಡಿದರು, ಪೆಟ್ರೋಲಿನ ವಾಸನೆ. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿಯುತ್ತಿತ್ತು. ಇನ್ನೂ ಕೆಲವು ತಿಂಗಳು ಹೀಗೆಯೇ ಓಡಿಸಿದ್ದರೆ ತಂದೆಯವರು ಮೂವತ್ತು ವರ್ಷ ಜೋಪಾನ ಮಾಡಿದ ಇಂಜಿನನ್ನು ನಾನು ಅಂಕಿಯ ಸಾಕ್ಷಿಯೊಡನೆ ಸವೆಸಿಬಿಡುತ್ತಿದ್ದೆ.

ಗಂಟನ್ನು ಬಿಡಿಸಿದವನು ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ. “ಮಾವ, ಮಾಪಕ ನಿಮ್ಮ ಎಥನಾಲನ್ನು ಕಂಡೇ ಇಲ್ಲವಲ್ಲ!” ಎಂದು ನಕ್ಕ. ಸಂವೇದಕ ಗಾಳಿಯನ್ನಾಗಲಿ ಪೆಟ್ರೋಲನ್ನಾಗಲಿ ತೂಗುವುದಿಲ್ಲ. ಉರಿದ ಮೇಲೆ ಆಮ್ಲಜನಕ ಉಳಿಯಿತೇ, ಸಾಲದೆ ಹೋಯಿತೇ ಎಂಬುದೊಂದೇ ಅದಕ್ಕೆ ಗೊತ್ತು. ಬೇಕಾದಷ್ಟೇ ಗಾಳಿ ಇದ್ದರೆ ಅದರ ಲೆಕ್ಕದಲ್ಲಿ 1. ಶೇಕಡ 10 ಗಾಳಿ ಕಡಮೆಯಾದರೆ 0.9. ಈ ಅಂಕಿಗೆ ಗ್ರೀಕ್ ಅಕ್ಷರದಿಂದ ಲ್ಯಾಮ್ಡಾ ಎಂದು ಹೆಸರು. ಮಾಪಕವನ್ನು ಮಾಡಿದವರು, ಕೊಳ್ಳುವವನ ಕಣ್ಣಿಗೆ ಪರಿಚಿತವಾಗಿರಲೆಂದು, ಅದನ್ನು 14.7ರಿಂದ ಗುಣಿಸಿ ತೋರಿಸುತ್ತಾರೆ. ಟ್ಯಾಂಕಿನಲ್ಲಿ ಯಾವ ಇಂಧನವಿದ್ದರೂ ಹದ ಸರಿಯಾದಾಗ ಅದು 14.7 ಎಂದೇ ಹೇಳುವುದು. ನಾನು 13.5ಕ್ಕೆ ತಂದಾಗ ಲ್ಯಾಮ್ಡಾ 0.92 ಆಗಿತ್ತು. ಶೇಕಡ 8ರಷ್ಟು ಹಸಿದಿದ್ದ ಇಂಜಿನಿಗೆ ನಾನು ಶೇಕಡ 8ರಷ್ಟು ಅಜೀರ್ಣ ಮಾಡಿದ್ದೆ. ಮಾಪಕ ಸುಳ್ಳು ಹೇಳಿರಲಿಲ್ಲ, “ಯಾವ ಅಕ್ಕಿ?” ಎಂದು ನಾನು ಕೇಳಿರಲಿಲ್ಲ.

ಈಗ ಮಾಪಕವನ್ನು ಲ್ಯಾಮ್ಡಾ ತೋರಿಸುವಂತೆ ಬದಲಾಯಿಸಿದ್ದೇವೆ. ಅಕ್ಕಿ ಯಾವುದಾದರೂ ಆಗಲಿ, ಅನ್ನ ಬೆಂದಿದೆಯೇ ಎಂಬುದನ್ನು ಅದು ಹೇಳುತ್ತದೆ. ಜೆಟ್ಟಿನ ವ್ಯಾಸ ಶೇಕಡ 4 ಹೆಚ್ಚಿದರೆ ತೂತಿನ ಕ್ಷೇತ್ರ ಶೇಕಡ 8 ಹೆಚ್ಚುತ್ತದೆ. ಮೇಸ್ತ್ರಿ ಮೊದಲು ಹೇಳಿದ್ದ ಜೆಟ್ಟು ಅಷ್ಟೇ ದೊಡ್ಡದಾಗಿತ್ತು! ಅದನ್ನೇ ಹಾಕಿದೆವು. ಸಮ ರಸ್ತೆಯಲ್ಲಿ 1ರ ಆಸುಪಾಸು, ಬೆಟ್ಟದಲ್ಲಿ 0.87.

ಇಂಥ ಮಾಪಕವನ್ನು ಕೊಳ್ಳಬೇಕೆಂದಿರುವ ವಾಚಕರಿಗೆ ನನ್ನ ಅನುಭವದ ನಾಲ್ಕು ಮಾತು. ದೀಪ ಕುಣಿಸುವುದನ್ನು ಬಿಟ್ಟು ವೈಡ್‌ಬ್ಯಾಂಡನ್ನೇ ಕೊಳ್ಳಿರಿ. ಅದು ಲ್ಯಾಮ್ಡಾ ತೋರಿಸಬಲ್ಲುದೇ ಎಂದು ಮೊದಲು ವಿಚಾರಿಸಿರಿ. ಸಂವೇದಕ ಸವೆಯುವ ವಸ್ತು. ಆದ್ದರಿಂದ ಬಾಷ್ ಎಲ್‌ಎಸ್‌ಯು 4.9ರಂತೆ ಬಿಡಿಯಾಗಿ ಸಿಕ್ಕುವ ಜಾತಿಯದು ಇರಲಿ. ಅಳತೆಯನ್ನು ದಾಖಲು ಮಾಡಿಡುವ ಸೌಕರ್ಯವಿದ್ದರೆ ಲೇಸು, ಏಕೆಂದರೆ ಬೆಟ್ಟದ ತಿರುವಿನಲ್ಲಿ ಚಾಲಕನ ಕಣ್ಣು ರಸ್ತೆಯ ಮೇಲಿರಬೇಕೇ ಹೊರತು ಅಂಕಿಯ ಮೇಲಲ್ಲ. ಸಂವೇದಕವನ್ನು ನಾಲ್ಕು ಸಿಲಿಂಡರಿನ ಹೊಗೆ ಕೂಡುವ ಎಡೆಯ ಮುಂದೆ, ಬುಡ ಮೇಲಾಗಿ ಓರೆಯಾಗಿ ಕೂರಿಸಬೇಕು. ಇಲ್ಲವಾದರೆ ಕೊಳವೆಯ ನೀರಹನಿ ಬಿದ್ದು ಒಡೆಯುತ್ತದೆ. ಅದಕ್ಕೆ ಮೊದಲು ಕೊಳವೆಯಲ್ಲಿ ಎಲ್ಲಿಯೂ ಬಿರುಕಿರಬಾರದು. ಹೊರಗಿನ ಗಾಳಿ ನುಗ್ಗಿದರೆ ತೆಳುವಲ್ಲದ ಮಿಶ್ರಣವೂ ತೆಳುವಾಗಿ ಕಾಣುವುದು. ಒಂದು ಪ್ಲಗ್ಗು ಕಿಡಿ ತಪ್ಪಿದರೂ ಹಾಗೆಯೇ: ಉರಿಯದೆ ಉಳಿದ ಆಮ್ಲಜನಕವನ್ನು ಕಂಡು ಮಾಪಕ ತೆಳುವೆನ್ನುತ್ತದೆ, ಅದನ್ನು ನಂಬಿ ನಾವು ಇನ್ನಷ್ಟು ಪೆಟ್ರೋಲು ಸುರಿಯುತ್ತೇವೆ.

ಹೋದ ಭಾನುವಾರ ಮೇಸ್ತ್ರಿಯವರೊಡನೆ ಮತ್ತೆ ಬೆಟ್ಟಕ್ಕೆ ಹೋಗಿದ್ದೆ. ಮಾಪಕದ ಮೇಲೆ ನನ್ನ ಕರವಸ್ತ್ರ ಹೊದಿಸಿ, “ಈಗ ಹೇಗಿದೆ, ಮೇಸ್ತ್ರಿ?” ಎಂದು ಕೇಳಿದೆ. ಅವರು ಒಂದು ಗಳಿಗೆ ಕಿವಿಗೊಟ್ಟು, “ಹದವಾಗಿದೆ ಮೇಷ್ಟ್ರೇ” ಎಂದರು. ಕರವಸ್ತ್ರವನ್ನು ನಾನು ಮನೆ ಸೇರುವವರೆಗೂ ತೆಗೆಯಲಿಲ್ಲ.