ಟ್ರಾಕ್ಟರಿನ ಹಿಂಬದಿ ನೋಡಿ ದುಡ್ಡು ಕಳಿಸಿ

ಮೊನ್ನೆ ಭಾನುವಾರ ಚನ್ನಗಿರಿ ಕಡೆಯಿಂದ ತಮ್ಮನ ಫೋನು. "ಅಣ್ಣಾ, ಟ್ರಾಕ್ಟರ್ ತಗಳಾಣ ಅಂತ ಮಾಡೀನಿ. ಸಣ್ಣದು, ತೋಟಕ್ಕೆ. ಜಿಎಸ್‌ಟಿ ಬೇರೆ ಇಳಿದೈತಲ್ಲ." ಹೌದು, 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಎಷ್ಟು ಎಚ್‌ಪಿ, ಯಾವ ಬಣ್ಣ, ಕೈಯಿಂದ ಎಷ್ಟು ಕಟ್ಟಬೇಕು, ನನ್ನ ಪಾಲು ಎಷ್ಟು, ಎಲ್ಲಾ ಒಂದೇ ಉಸಿರಿನಲ್ಲಿ ಹೇಳಿದ. ನಾನು ಕೇಳಿದ್ದು ಒಂದೇ. "ಹಿಂದೆ ಏನೈತೋ?"

"ಹಿಂದೆ ಏನಿರ್ತತಿ? ಹುಕ್ ಇರ್ತತಿ. ಇಲ್ಲಾಂದ್ರೆ ವೆಲ್ಡಿಂಗ್ ಶಾಪ್‌ನಾಗೆ ಹಾಕಿಸ್ತೀನಿ ಬಿಡು."

ಆ "ಬಿಡು" ಅನ್ನುವ ಮಾತಿನಿಂದಲೇ ಈ ಬರಹ.

ನಮ್ಮಲ್ಲಿ ಬಹಳ ಜನ ಊರಿಗೆ ದುಡ್ಡು ಕಳಿಸುವವರು. ಬೋರ್‌ವೆಲ್, ಮೋಟರು, ಈಗ ಟ್ರಾಕ್ಟರು. ಗುರುಗ್ರಾಮದಲ್ಲಿ ಕೂತ ನಮಗೆ ಟ್ರಾಕ್ಟರ್ ಅಂದರೆ ಸೋಹ್ನಾ ರಸ್ತೆಯಲ್ಲಿ ಇಟ್ಟಿಗೆ ತುಂಬಿದ ಟ್ರಾಲಿ, ಇಲ್ಲವೇ ಅಪಾರ್ಟ್‌ಮೆಂಟಿಗೆ ನೀರು ತರುವ ಟ್ಯಾಂಕರ್. ಎಂಜಿನ್ನಿಗೆ ದುಡ್ಡು ಕೊಡುತ್ತೇವೆ, ಆದರೆ ಕೆಲಸವೆಲ್ಲ ನಡೆಯುವುದು ಅದರ ಹಿಂಬದಿಯಲ್ಲಿ. ಹಿಂದೆ ಕಟ್ಟುವ ಕೊಂಡಿ ಯಾವುದು ಅಂತ ಮೊದಲು ತೀರ್ಮಾನ ಮಾಡಿ, ಆಮೇಲೆ ಎಚ್‌ಪಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಷೋರೂಮಿನವರು ಇದನ್ನು ಉಲ್ಟಾ ಮಾಡಿಸುತ್ತಾರೆ.

ಕೊಂಡಿಯಲ್ಲಿ ಎರಡು ಜಾತಿ. ಒಂದು, ಟ್ರೇಲರ್ ಎಳೆಯುವ ಗಟ್ಟಿ ಹುಕ್ಕು. ಇನ್ನೊಂದು ಮೂರು ಕಡೆ ಹಿಡಿಯುವ ಲಿಂಕೇಜ್: ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್. ಈ ಎರಡನೆಯದನ್ನು ರೂಢಿಗೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅದಕ್ಕೆ ಮುಂಚೆ ಟ್ರಾಕ್ಟರಿನ ಹಿಂದೆ ನೇಗಿಲನ್ನು ಗಾಡಿಯ ಹಾಗೆ ಎಳೆಯುತ್ತಿದ್ದರು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿದರೆ ಟ್ರಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚಿ ಚಾಲಕನ ಮೇಲೇ ಬೀಳುತ್ತಿತ್ತು. ಫರ್ಗುಸನ್ ನೇಗಿಲನ್ನು ಟ್ರಾಕ್ಟರಿನ ಮೈಗೇ ಸೇರಿಸಿದ. ಉಳುವಾಗ ಮಣ್ಣಿನ ಎಳೆತವೇ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಹೀಗಾಗಿ ಹಗುರ ಟ್ರಾಕ್ಟರಿಗೂ ಹಿಡಿತ ಸಿಕ್ಕಿತು. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ವ್ಯವಹಾರ ಮಾಡಿಕೊಂಡ, 1939ರಲ್ಲಿ ಫೋರ್ಡ್ 9ಎನ್ ಬಂತು. ಕಾಗದ ಪತ್ರ ಇಲ್ಲದ ವ್ಯವಹಾರ ಕೋರ್ಟಿಗೆ ಹೋಗಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. (ಬ್ಯಾಂಕಿನವನಾಗಿ ಈ ಭಾಗ ನನಗೆ ಬಹಳ ಇಷ್ಟ!) ನಮ್ಮೂರ ಕಡೆ "ಮ್ಯಾಸ್ಸಿ" ಅಂತ ಕರೆಯುವ ಟ್ರಾಕ್ಟರಿನ ಹೆಸರಿನ ಇನ್ನರ್ಧ ಇದೇ ಫರ್ಗುಸನ್. 1960ರಲ್ಲಿ ಶುರುವಾದ ಚೆನ್ನೈನ ಟಾಫೆ ಅದನ್ನು ನಮ್ಮಲ್ಲಿ ತಯಾರಿಸಿತು.

ಇರಲಿ, ತೋಟಕ್ಕೆ ಬರೋಣ. ಅಡಿಕೆ ಸಾಲಿನ ಅಂತರ ಸುಮಾರು 9 ಅಡಿ. ಅದರೊಳಗೆ ಮೂರೂವರೆ ಅಡಿ ಅಗಲದ ಸಣ್ಣ ಟ್ರಾಕ್ಟರ್ ಓಡಾಡುತ್ತದೆ, ಆದರೆ ಸಾಲಿನ ಕೊನೆಯಲ್ಲಿ ತಿರುಗಬೇಕಲ್ಲ? ಲಿಂಕೇಜಿಗೆ ಕಟ್ಟಿದ ಸಲಕರಣೆಯನ್ನು ಹೈಡ್ರಾಲಿಕ್‌ನಿಂದ ಎತ್ತಿಕೊಂಡು ಗಿಡಕ್ಕೆ ತಾಗದ ಹಾಗೆ ತಿರುಗಬಹುದು. ಎಳೆದುಕೊಂಡು ಬರುವ ಸಲಕರಣೆಗೆ ಆ ಭಾಗ್ಯವಿಲ್ಲ.

ಇನ್ನು ಅಳತೆ. ಒಂದನೇ ಕೆಟಗರಿಯಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರ್, ಮೇಲಿನದು 19; ಎರಡು ತೋಳಿನ ನಡುವೆ ಸುಮಾರು 68 ಸೆಂಟಿಮೀಟರ್. ಎರಡನೆಯದರಲ್ಲಿ ಕೆಳಗೆ 28, ಮೇಲೆ 25. ನಡುವೆ 82 ಸೆಂಟಿಮೀಟರ್. ಇವಲ್ಲದೆ ತೀರಾ ಸಣ್ಣ ಟ್ರಾಕ್ಟರಿಗೆ 1ಎನ್ ಅಂತ ಇನ್ನೊಂದಿದೆ, ನಡುವೆ 40 ಸೆಂಟಿಮೀಟರ್ ಮಾತ್ರ. ಇದನ್ನು ತಮ್ಮನಿಗೆ ಹೇಳಿದರೆ "ಪಕ್ಕದ ತೋಟದವರ ಕಲ್ಟಿವೇಟರ್ ತರ್ತೀನಿ" ಅಂದ. ಅವರದು ದೊಡ್ಡ ಟ್ರಾಕ್ಟರಿನದು, ಎರಡನೇ ಕೆಟಗರಿ. ಸಣ್ಣ ಪಿನ್ನಿಗೆ ಬುಷ್ ತೊಡಿಸಿ ಸಣ್ಣ ಸಲಕರಣೆಯನ್ನು ದೊಡ್ಡ ಟ್ರಾಕ್ಟರಿಗೆ ಹಾಕಬಹುದು, ದೊಡ್ಡ ಪಿನ್ನು ಸಣ್ಣ ತೂತಿಗೆ ಹೋಗುವುದಿಲ್ಲ. ಬಳೆ ತೊಡಿಸಿದಷ್ಟೇ ಲೆಕ್ಕ! ನಾನು ಹಳ್ಳಿ ಶಾಖೆಯಲ್ಲಿದ್ದಾಗ ಒಬ್ಬರಿಗೆ ಹೀಗೇ ಆಯಿತು. ಸಾಲ ಮಂಜೂರು ಮಾಡಿದವನು ನಾನೇ. ಕೊಟೇಶನ್, ಪಹಣಿ, ಮಾರ್ಜಿನ್, ಹೈಪೋಥಿಕೇಶನ್ ಎಲ್ಲಾ ಸರಿ. ವರ್ಷಕ್ಕೆ 1000 ಗಂಟೆ ಕೆಲಸ ಇದೆ ಅಂತಲೂ ಬರೆದುಕೊಂಡೆ. ಟ್ರೇಲರ್ ಬಿಟ್ಟರೆ ಹಿಂದೆ ಕಟ್ಟಲು ಏನಿದೆ ಅಂತ ಮಾತ್ರ ಕೇಳಲಿಲ್ಲ. ಎರವಲು ಸಲಕರಣೆ ಒಂದೂ ಕೂರಲಿಲ್ಲ. ಟ್ರಾಕ್ಟರ್ ಮರಳು ಹೊಡೆಯಲು ಹೋಯಿತು, ಕಂತು ನಿಂತಿತು. ವಸೂಲಿಗೆ ಹೋದಾಗ ಆ ಯಜಮಾನರು ನನಗೆ ಮಜ್ಜಿಗೆ ಕೊಟ್ಟು ಕೂರಿಸಿದ್ದು ಇವತ್ತಿಗೂ ಮುಜುಗರ.

ಎತ್ತುವ ಶಕ್ತಿಯ ಲೆಕ್ಕವೂ ಹೀಗೇ ಮೋಸದ್ದು. ಸಣ್ಣ ಟ್ರಾಕ್ಟರುಗಳ ಕರಪತ್ರದಲ್ಲಿ 500 ಕಿಲೋ, 750 ಕಿಲೋ ಅಂತೆಲ್ಲ ಇರುತ್ತದೆ. ಅದು ತೋಳಿನ ತುದಿಯಲ್ಲಿ. ಸಲಕರಣೆಯ ಭಾರ ಇನ್ನೂ ಹಿಂದೆ ಕೂರುವುದರಿಂದ ನಿಜವಾಗಿ ಎತ್ತುವುದು ಅದಕ್ಕಿಂತ ಕಡಿಮೆ. ನೀರು ತುಂಬಿದ ಕೊಡವನ್ನು ಎದೆಗವುಚಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ವ್ಯತ್ಯಾಸ ಅದು. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿಯ ವರದಿಯಲ್ಲಿ ತುದಿಯಲ್ಲಿ ಎಷ್ಟು, 610 ಮಿಲಿಮೀಟರ್ ಹಿಂದೆ ಎಷ್ಟು ಅಂತ ಎರಡೂ ಕೊಡುತ್ತಾರೆ. ಡೀಲರ್ ಹತ್ತಿರ ಆ ವರದಿ ಕೇಳಿ. ಕೊಡಲಿಕ್ಕೆ ಹಿಂದೆ ಮುಂದೆ ನೋಡಿದರೆ ಬೇರೆ ಡೀಲರ್ ನೋಡಿ.

ರೋಟಾವೇಟರ್ ಬಗ್ಗೆ ಒಂದು ಮಾತು. ಎಲ್ಲರೂ ಅದನ್ನೇ ಮೊದಲು ತರುತ್ತಾರೆ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡುವುದು. ಬುಡದ ಹತ್ತಿರ ಆಳಕ್ಕೆ ಹೊಡೆದರೆ ಬೇರು ಕತ್ತರಿಸಿ ಹಾಕುತ್ತದೆ. ತೋಟಕ್ಕೆ ಬೇಕಾದದ್ದು ಗೊಬ್ಬರ ಸಾಗಿಸುವುದು, ಕಳೆ ಸವರುವುದು, ಔಷಧಿ ಹೊಡೆಯುವುದು. ಕಳೆಯಂತ್ರಕ್ಕೂ ಸ್ಪ್ರೇಯರಿಗೂ ಲಿಂಕೇಜಿನ ಜೊತೆಗೆ 540 ಸುತ್ತಿನ ಪಿಟಿಒ ಬೇಕು. ಗೊಬ್ಬರಕ್ಕೆ ಟ್ರೇಲರ್, ಅಂದರೆ ಹುಕ್ಕು.

ಈಗ ನನಗೆ ಹೆದರಿಕೆ ಇರುವ ಜಾಗಕ್ಕೆ ಬಂದೆ. ಹುಕ್ಕು ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಕಂಪನಿಯವರು ಕೊಟ್ಟ ಜಾಗದಲ್ಲಿ ಅದು ಹಾಗೇ ಇರುತ್ತದೆ. ವೆಲ್ಡಿಂಗ್ ಶಾಪಿನವನು ಕೈಗೆ ಅನುಕೂಲ ಅಂತ ಟಾಪ್ ಲಿಂಕಿನ ಹತ್ತಿರ ಬೆಸೆದು ಕೊಟ್ಟರೆ? ನಮ್ಮ ತೋಟದಲ್ಲಿ ಎರಡು ಬಸಿಗಾಲುವೆ ಇವೆ. ಗೊಬ್ಬರ ತುಂಬಿದ ಟ್ರೇಲರ್ ಕಾಲುವೆಯಲ್ಲಿ ಕೂತು, ತಮ್ಮ ಏರಿ ಹತ್ತಿಸಲು ಗೇರ್ ಹಾಕಿ ಕ್ಲಚ್ ಬಿಟ್ಟ ಅಂದುಕೊಳ್ಳಿ. ಆಕ್ಸಲ್ ಮೇಲಿನಿಂದ ಎಳೆತ ಬಿದ್ದರೆ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಜಿಗಿಯಲು ಪುರುಸೊತ್ತು ಸಿಗುವುದಿಲ್ಲ. ಲಿಂಕೇಜಿನ ಎರಡು ತೋಳಿಗೆ ಅಡ್ಡಪಟ್ಟಿ ಹಾಕಿ ಅದಕ್ಕೇ ಭಾರದ ಟ್ರೇಲರ್ ಕಟ್ಟುವವರೂ ಇದ್ದಾರೆ. ತಪ್ಪಿ ಲಿವರ್ ಎಳೆದರೆ ಕೊಂಡಿ ತಾನಾಗಿ ಮೇಲೆ ಬರುತ್ತದೆ, ಅದೇ ಕಥೆ.

"ನೀನು ಡೆಲ್ಲಿಯಾಗೆ ಕುಂತು ನಂಗೆ ಟ್ರಾಕ್ಟರ್ ಹೇಳಿಕೊಡ್ತೀಯಾ?" ಅಂತ ತಮ್ಮ ರೇಗಿದ. ಅವನು ಹೇಳಿದ್ದೂ ಸುಳ್ಳಲ್ಲ. ಮೂವತ್ತು ವರ್ಷದಿಂದ ತೋಟ ನೋಡಿಕೊಂಡವನು ಅವನು, ನಾನು ಹಬ್ಬಕ್ಕೆ ಹೋಗಿ ಎಳನೀರು ಕುಡಿದು ಬರುವವನು. ಆದರೂ ಒಂದು ಷರತ್ತು ಹಾಕಿದ್ದೇನೆ. ನನ್ನ ಪಾಲಿನ ದುಡ್ಡು ಟ್ರಾಕ್ಟರಿಗೆ ಅಲ್ಲ. ಕಂಪನಿಯದೇ ಹುಕ್ಕು, ಅದೇ ಕೆಟಗರಿಯ ಕಳೆಯಂತ್ರ, ಟಾಪ್ ಲಿಂಕಿಗೆ ಒಂದು ಜೊತೆ ಹೆಚ್ಚುವರಿ ಪಿನ್ನು, ಇವುಗಳ ಬಿಲ್ಲಿಗೆ.

ಎರಡು ದಿನ ಮಾತಿಲ್ಲ. ನಿನ್ನೆ ರಾತ್ರಿ ವಾಟ್ಸ್ಯಾಪಿನಲ್ಲಿ ಒಂದು ಫೋಟೋ ಬಂತು. ಷೋರೂಮಿನಲ್ಲಿ ನಿಂತ ಟ್ರಾಕ್ಟರಿನ ಹಿಂಬದಿ, ಎರಡು ತೋಳಿನ ನಡುವೆ ಅಡ್ಡ ಹಿಡಿದ ಟೇಪು. ಟೇಪು ಉಲ್ಟಾ ಹಿಡಿದಿದ್ದಾನೆ, ಅಂಕಿ ಕಾಣುತ್ತಿಲ್ಲ. ಬೆಳಗ್ಗೆ ಫೋನ್ ಮಾಡಬೇಕು.